ನಿಂತರೆ ನಡುಗುವ ಕೈ

ನಮ್ಮ ಭಾವ ಹಲ್ಲು ಮಾಡುತ್ತಾರೆ. ಕೀಳುವುದಿಲ್ಲ, ತುಂಬುವುದಿಲ್ಲ, ಮಾಡುತ್ತಾರೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಹಲ್ಲುಸೆಟ್ಟು ಕಟ್ಟಿಕೊಡುವುದು ಅವರ ಕಸುಬು. ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಮೇಣ, ಸಣ್ಣ ದೀಪದ ಉರಿ, ಸೂಜಿಯಷ್ಟು ಚೂಪಾದ ಚಾಕು. ಎದುರಿಗೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಮದುವೆಯಾದ ಹೊಸತರಲ್ಲಿ ಅಕ್ಕ ನಕ್ಕಾಗಲೆಲ್ಲ ಇವರು ಮೈಮರೆತು ನೋಡುತ್ತಿದ್ದರಂತೆ. ನೋಡುತ್ತಿದ್ದದ್ದು ತನ್ನನ್ನಲ್ಲ, ತನ್ನ ಮೇಲಿನ ಸಾಲನ್ನು ಎಂದು ಅವಳಿಗೆ ಗೊತ್ತಾಗಲು ವರ್ಷ ಹಿಡಿಯಿತು.

ಅವರಿಗಿದ್ದ ಇನ್ನೊಂದು ಹುಚ್ಚು ಬೇಸ್ ಗಿಟಾರ್. ನಾಲ್ಕೇ ತಂತಿ, ದಪ್ಪ ದನಿ, ಉದ್ದ ಕುತ್ತಿಗೆ. ಹಾಡು ಕೇಳುವವರು ಯಾರೂ ಅದನ್ನು ಗಮನಿಸುವುದಿಲ್ಲ. ನಿಂತುಹೋದರೆ ಮಾತ್ರ ಏನೋ ಕಳೆದುಹೋದಂತಾಗಿ ತಲೆಯೆತ್ತಿ ನೋಡುತ್ತಾರೆ. ಕೊನೆಯ ದವಡೆಹಲ್ಲಿನ ಹಾಗೆ, ಇದ್ದಾಗ ಲೆಕ್ಕಕ್ಕಿಲ್ಲ ಎಂದು ಭಾವ ಹೇಳುತ್ತಿದ್ದರು. ಗಮನಕ್ಕೆ ಬಾರದೆ ಇರುವುದೇ ಅವರಿಗೆ ಇಷ್ಟ. ಬೇಸ್ ಹಿಡಿದವರು ಬೇಸರಪಟ್ಟುಕೊಳ್ಳದೆ ಇದ್ದದ್ದನ್ನು ನಾನು ಕಂಡದ್ದು ಇವರಲ್ಲೇ.

ನಮ್ಮದೊಂದು ಪುಟ್ಟ ತಂಡ. ಹಾಡುವವರು ಹಲ್ಲಿನ ಡಾಕ್ಟರು. ಭಾವನಿಗೆ ಹೆಚ್ಚಿನ ಕೆಲಸ ಬರುವುದೂ ಅವರಿಂದಲೇ. ಡ್ರಮ್ಮು ಬಾರಿಸುವವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮ್ಯಾನೇಜರು. ಅವರಿಗೆ ಎಲ್ಲರೂ ಇಟ್ಟಿರುವ ಹೆಸರು ಢಂಢಂ ಮಾವ. ಕೀಬೋರ್ಡಿಗೆ ನಾನು. ಕ್ಲಿನಿಕ್ಕಿನ ಬಾಗಿಲು ಹಾಕಿದ ಮೇಲೆ ಅದರ ವೇಟಿಂಗ್ ರೂಮಿನಲ್ಲೇ ಅಭ್ಯಾಸ. ರೋಗಿಗಳು ಕೂರುವ ಕುರ್ಚಿಗಳಲ್ಲಿ ನಾವು ಕೂತು, ಅವರು ಒಳಗೆ ಹೋಗಿ ಮಾಡುವ ಸದ್ದನ್ನು ನಾವು ಹೊರಗೇ ಮಾಡುತ್ತಿದ್ದೆವು. ಭಾವ ಮೂಲೆಯ ಕುರ್ಚಿಯಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದು ಸ್ವರವೂ ತಪ್ಪದೆ ನುಡಿಸುತ್ತಿದ್ದರು.

ಜನರೆದುರು ಮೊದಲು ನುಡಿಸಿದ್ದು ಗ್ರಂಥಾಲಯದ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಮುದುಕರ ಸಂಘದ ಹಾಗೆ ಕೂರುವುದು ಬೇಡ, ನಿಂತೇ ನುಡಿಸೋಣ ಎಂದು ಡಾಕ್ಟರು ಹೇಳಿದ್ದರು. ಎರಡನೆಯ ಹಾಡು ಶುರುವಾಗುವುದು ಬೇಸ್ ಒಂದರಿಂದಲೇ. ಭಾವ ಶುರು ಮಾಡಿದರು. ನಾಲ್ಕು ಸ್ವರ ಸರಿಯಾಗಿ ಬಂತು. ಐದನೆಯದು ಬರಲೇ ಇಲ್ಲ. ತಿರುಗಿ ನೋಡಿದೆ. ಗಿಟಾರಿನ ಕುತ್ತಿಗೆ ಬಾಡಿದ ಗಿಡದ ಹಾಗೆ ಕೆಳಕ್ಕೆ ಬಾಗಿತ್ತು. ಅದನ್ನು ಹಿಡಿದಿದ್ದ ಎಡಗೈ ಮೊಣಕೈವರೆಗೂ ನಡುಗುತ್ತಿತ್ತು. ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಢಂಢಂ ಮಾವ ಸಮಯಕ್ಕೆ ಸರಿಯಾಗಿ ನಾಲ್ಕು ಏಟು ಜಾಸ್ತಿ ಹೊಡೆದು ಹಾಡನ್ನು ಹೇಗೋ ದಡ ಮುಟ್ಟಿಸಿದರು.

ಸಭಾಕಂಪ ಎಂದುಕೊಂಡೆವು ಎಲ್ಲರೂ. ಕಾನ್ವೆಂಟಿನಲ್ಲಿ ಸಿಸ್ಟರು ‘ಸ್ಟ್ಯಾಂಡ್ ಅಪ್’ ಎಂದರೆ ಸಾಕು, ಬಾಯಿಪಾಠದ ಜೊತೆಗೆ ನನ್ನ ಸ್ವಂತ ಹೆಸರೂ ಮರೆತುಹೋಗುತ್ತಿತ್ತು; ಹಾಗಾಗಿ ನಾನಂತೂ ದೊಡ್ಡ ಅನುಭವಸ್ಥನ ಹಾಗೆ ಸಮಾಧಾನ ಹೇಳಿದೆ. ಉಸಿರು ಎಳೆದುಕೊಳ್ಳಿ, ಎದುರಿಗೆ ಕೂತವರೆಲ್ಲ ಪ್ಲಾಸ್ಟರಿನ ದವಡೆಗಳು ಅಂದುಕೊಳ್ಳಿ ಎಂದೆ. ಭಾವ ತಲೆಯಾಡಿಸಿದರು. ನಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವರ ಕೆಲಸದ ಕೋಣೆಗೆ ಹೋದಾಗ ಅವರು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಬಲಗೈಯಲ್ಲಿ ಮೇಣದ ಚಾಕು. ಅದರ ತುದಿಯನ್ನು ದೀಪದ ಉರಿಯ ಪಕ್ಕ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೇಜಿನ ಮೇಲೆ ಕೆಲಸ ಇರಲಿಲ್ಲ. ಚಾಕು ಅಲುಗುತ್ತಿರಲಿಲ್ಲ. ಎಡಗೈಗೆ ಬದಲಾಯಿಸಿ ಮತ್ತೆ ಹಿಡಿದರು. ಆಗಲೂ ಅಲುಗಲಿಲ್ಲ. ನಾನು ಕೆಮ್ಮಿದೆ. ಅವರು ಬೆಚ್ಚಿಬಿದ್ದ ರೀತಿಗೆ ನಾನೇ ಹೆದರಿದೆ.

“ನಿಮ್ಮಕ್ಕಂಗೆ ಹೇಳ್ಬೇಡ,” ಎಂದರು. ಚಾಕುವನ್ನು ಮೇಜಿನ ಮೇಲಿಟ್ಟು, “ಅಪ್ಪಂಗೂ ಹೀಗೇ ಶುರುವಾಗಿದ್ದು.”

ಅವರ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಮೊದಲೆಲ್ಲ ಹಲಗೆಯನ್ನು ಮನೆಗೆ ತಂದು, ನೆಲದ ಮೇಲಿಟ್ಟುಕೊಂಡು, ಮುತ್ತು ಪೋಣಿಸಿದ ಹಾಗೆ ಅಕ್ಷರ ಬರೆಯುತ್ತಿದ್ದರಂತೆ. ಆಮೇಲೆ ಅಂಗಡಿಗಳು ದೊಡ್ಡವಾದವು, ಗೋಡೆಯ ಮೇಲೇ ಬರೆಯುವ ಕೆಲಸ ಬಂತು. ಒಂದು ಕೈಯಲ್ಲಿ ಏಣಿ, ಅದೇ ಕೈಯ ಮಣಿಕಟ್ಟಿಗೆ ಬಣ್ಣದ ಡಬ್ಬ, ಇನ್ನೊಂದು ಕೈಯಲ್ಲಿ ಕುಂಚ. ಅಲ್ಲಿ ಶುರುವಾಯಿತು ನಡುಕ. ಮನೆಗೆ ಬಂದು ಚಮಚ ಹಿಡಿದರೆ ಏನೂ ಇಲ್ಲ. ಬೀದಿಯಲ್ಲಿ ಜನ ತಲೆಯೆತ್ತಿ ನೋಡುವಾಗ ಮಾತ್ರ ಕೈ ನಿಲ್ಲುತ್ತಿರಲಿಲ್ಲ. ಅವರ ಕೊನೆಯ ಕೆಲಸ ಒಂದು ಕನ್ನಡಕದ ಅಂಗಡಿಯದು. ಅಕ್ಷರಗಳೆಲ್ಲ ಚಳಿ ಹಿಡಿದ ಹಾಗೆ ನಡುಗುತ್ತವೆ. ನೋಡಿದವರು ತಮ್ಮ ಕಣ್ಣೇ ಕೆಟ್ಟಿತೆಂದುಕೊಂಡು ಒಳಗೆ ಬರುತ್ತಾರೆಂದು ಮಾಲೀಕ ಅದನ್ನು ಅಳಿಸದೆ ಹಾಗೇ ಬಿಟ್ಟ. ತಂದೆ ಮಾತ್ರ ಯಾವ ಡಾಕ್ಟರಿಗೂ ತೋರಿಸಲಿಲ್ಲ. ಕುಂಚಗಳನ್ನು ಕಟ್ಟಿ ಅಟ್ಟಕ್ಕೆ ಎಸೆದು, ಉಳಿದ ಆಯುಸ್ಸನ್ನು ಕಿಟಕಿಯ ಹತ್ತಿರ ಕೂತು ಕಳೆದರು. ಭಾವ ಇವತ್ತಿಗೂ ಆ ಬೀದಿಯಲ್ಲಿ ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ.

ಭಾವನ ಹೆದರಿಕೆ ನನಗೆ ಆಗ ಅರ್ಥವಾಯಿತು. ಗಿಟಾರು ಹೋದರೆ ಹೋಗಲಿ. ಕೈ ಹೋದರೆ ಹಲ್ಲೂ ಹೋಯಿತು, ಮನೆ ನಡೆಯುವುದೂ ನಿಂತಿತು.

ಆ ದಿನದಿಂದ ಭಾವನನ್ನು ನೋಡುವುದೇ ಒಂದು ಹಿಂಸೆಯಾಯಿತು. ಕಾಫಿಯನ್ನು ಲೋಟದ ಅರ್ಧದಷ್ಟೇ ಹಾಕಿಸಿಕೊಳ್ಳುತ್ತಿದ್ದರು. ಕೆಲಸ ಮಾಡುವಾಗ ಯಾರಾದರೂ ಕೋಣೆಗೆ ಬಂದರೆ ಚಾಕು ಕೆಳಗಿಡುತ್ತಿದ್ದರು. ಅಂಗಡಿಯಲ್ಲಿ ಸಹಿ ಹಾಕಬೇಕಾಗಿ ಬಂದರೆ, ಪೆನ್ನು ಮೂಡುತ್ತಿಲ್ಲ ಎಂದು ನನ್ನ ಕೈಗೆ ದಾಟಿಸುತ್ತಿದ್ದರು. ನಾನೂ ಅವರ ಬೆರಳುಗಳನ್ನೇ ಕದ್ದು ನೋಡತೊಡಗಿದೆ. ನಾನು ನೋಡುವುದನ್ನು ಅವರು ನೋಡಿ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಒಂದು ದಿನ ಅಕ್ಕ ಕೇಳಿಯೇಬಿಟ್ಟಳು: “ಏನ್ರೀ ಅದು, ಬಿಟ್ರೆ ಹಾರಿಹೋಗುತ್ತಾ?” ಭಾವ ನಕ್ಕರು. ಹಲ್ಲು ಮಾಡುವವರ ನಗುವಿನಲ್ಲಿ ಹಲ್ಲೊಂದೇ ಇತ್ತು.

ವಿಚಿತ್ರವೆಂದರೆ ವೇಟಿಂಗ್ ರೂಮಿನ ಅಭ್ಯಾಸದಲ್ಲಿ ಅವರ ಕೈ ಒಮ್ಮೆಯೂ ನಡುಗಲಿಲ್ಲ. ನಾನು ಅದನ್ನೇ ಎತ್ತಿ ಹೇಳಿ ಧೈರ್ಯ ತುಂಬಲು ಹೋದೆ. ಅವರಿಗೆ ಅದೇ ಹೆಚ್ಚಿನ ಭಯ. ಯಾವಾಗಲೂ ಇರುವ ಕಾಯಿಲೆಯಾದರೆ ಇದೆ ಎಂದಾದರೂ ಗೊತ್ತಾಗುತ್ತದೆ. ಇದು ಜನ ಸೇರುವವರೆಗೆ ಒಳಗೆಲ್ಲೋ ಹೊಂಚುಹಾಕಿ ಕೂತಿರುತ್ತದೆ ಎಂದರು. ತಂದೆಯದೂ ಹಾಗೇ ಇತ್ತಲ್ಲ.

ಗ್ರಂಥಾಲಯದವರು ಮತ್ತೆ ಕರೆದರು. ಈ ಸಲ ಡಾಕ್ಟರು ಎಚ್ಚರಿಕೆಯಿಂದ, ಕಾರ್ಯಕ್ರಮಕ್ಕೆ ಮೊದಲು ಸಭಾಂಗಣದಲ್ಲೇ ಒಂದು ಅಭ್ಯಾಸ ಇಟ್ಟರು. ಎದುರಿಗೆ ಖಾಲಿ ಕುರ್ಚಿಗಳು, ನೆಲ ಒರೆಸುತ್ತಿದ್ದ ಒಬ್ಬಾಕೆ. ಅಷ್ಟೇ ಜನ. ಭಾವ ಎದ್ದು ನಿಂತು ಶುರು ಮಾಡಿದರು. ಹಾಡು ಮುಗಿಯುವಷ್ಟರಲ್ಲಿ ಎಡಗೈ ಹೆಬ್ಬೆರಳು ಕುಣಿಯತೊಡಗಿತು, ಬೆರಳುಗಳು ಸೆಟೆದುಕೊಂಡವು, ತಂತಿ ಗೊರಗೊರ ಎಂದು ನಿಂತಿತು. ಈಗ ನೋಡಲು ಜನ ಬೇಕೆಂದೂ ಇಲ್ಲ ಎನ್ನುವುದು ನನಗೂ ಅವರಿಗೂ ಒಟ್ಟಿಗೇ ಹೊಳೆಯಿತು. ಕಾಯಿಲೆ ಮುಂದುವರಿದಿದೆ.

ಡಾಕ್ಟರು ಮೈಕು ಕೆಳಗಿಟ್ಟು ಹತ್ತಿರ ಬಂದರು. “ಎಲ್ಲಿ, ಕೈ ಕೊಡಿ,” ಎಂದರು. ಭಾವ ಕೊಡಲಿಲ್ಲ. ಡಾಕ್ಟರು ಒತ್ತಾಯ ಮಾಡಲಿಲ್ಲ. ನರದ ಡಾಕ್ಟರೊಬ್ಬರು ತಮ್ಮ ಸ್ನೇಹಿತರೆಂದೂ, ನಾಳೆಗೇ ಹೇಳಿಡುತ್ತೇನೆಂದೂ, ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದು ಅಲ್ಲಿಂದಲೇ ಹೋಗಬಹುದೆಂದೂ ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಹೇಳಿದ್ದೇ ಭಾವನ ಎದೆಗೆ ಕಲ್ಲು ಎತ್ತಿಹಾಕಿದ ಹಾಗಾಯಿತು. ಮನೆಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು, ಮೇಜಿನ ಮೇಲೆ ಅರ್ಧ ಆಗಿರುವ ಸೆಟ್ಟುಗಳನ್ನು ಯಾರಿಗೆ ಒಪ್ಪಿಸುವುದು ಎಂದು.

ಮಾರನೆಯ ದಿನ ನಾನು ಜೊತೆಗೆ ಹೋದೆ. ಕ್ಲಿನಿಕ್ಕಿನಲ್ಲಿ ಅಷ್ಟು ಹೊತ್ತಿಗೇ ಒಬ್ಬ ಅಜ್ಜಿ ಕುರ್ಚಿ ಏರಿದ್ದರು. ಭಾವನೇ ಕಟ್ಟಿದ ಹೊಸ ಸೆಟ್ಟು. ಕಚ್ಚಿದರೆ ಮುಂದಿನ ಹಲ್ಲು ಟಕ್ಕೆಂದು ತಾಗುತ್ತದೆ ಎಂದು ವಾಪಸು ತಂದಿದ್ದರು. ಹೇಗೂ ಬಂದಿದ್ದೀರಿ, ಒಮ್ಮೆ ನೋಡಿ ಎಂದು ಡಾಕ್ಟರು ಭಾವನನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು. ಅಜ್ಜಿ ಒರಗಿದ ಕುರ್ಚಿಯಲ್ಲಿ ಮಲಗಿದ್ದಂತೆಯೇ ಕಚ್ಚಿ ತೋರಿಸಿದರು. ಎಲ್ಲ ಸರಿಯಾಗಿತ್ತು. ಭಾವ ತಮ್ಮ ವೃತ್ತಿಯ ಮಾಮೂಲಿ ಮಾತನ್ನು ಹೇಳಿದರು, ಎದ್ದು ಕೂತು ಕಚ್ಚಿ ಅಮ್ಮ ಎಂದು. ಎದ್ದು ಕೂತರು. ಟಕ್ ಎಂದಿತು. ಅಳತೆ ತೆಗೆಯುವಾಗ ಅಜ್ಜಿ ಒರಗಿಕೊಂಡಿದ್ದರು, ಅಷ್ಟೇ ವಿಷಯ. ಮೈ ಒರಗಿದರೆ ದವಡೆ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ.

“ನಾನು ಮಲ್ಕೊಂಡು ಊಟ ಮಾಡಲ್ವಲ್ಲಪ್ಪಾ,” ಎಂದರು ಅಜ್ಜಿ.

ಭಾವ ಅಜ್ಜಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ಹಿಂದಿನ ದಿನ ಡಾಕ್ಟರು ಸಭಾಂಗಣದಿಂದ ತಂದು ಮೂಲೆಯಲ್ಲಿಟ್ಟಿದ್ದ ಗಿಟಾರನ್ನು ತೆಗೆದು ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತರು. ಹೆಗಲಪಟ್ಟಿ ಹಾಕಿಕೊಂಡರು. ತೊಡೆಯ ಮೇಲೆ ಕೂತಿದ್ದ ಗಿಟಾರಿಗೆ ಆ ಪಟ್ಟಿ ಬೇಕೇ ಇರಲಿಲ್ಲ. ಬೆನ್ನ ಹಿಂದೆ ಸಡಿಲವಾಗಿ ಜೋತುಬಿದ್ದಿತ್ತು. ಗೋಡೆಯ ಮೇಲೆ, ರೋಗಿಗಳು ಹೊಸ ಹಲ್ಲು ನೋಡಿಕೊಳ್ಳುವ ಕನ್ನಡಿ ಇದೆ. ಅದರ ಎದುರಿಗೆ ನಿಧಾನಕ್ಕೆ ಎದ್ದು ನಿಂತರು.

ಗಿಟಾರು ಜಾರಿ, ಗೇಣಿಗಿಂತ ಹೆಚ್ಚು ಕೆಳಗೆ, ತೊಡೆಯ ಬುಡಕ್ಕೆ ಬಂದು ನಿಂತಿತು. ಕುತ್ತಿಗೆಯ ತುದಿ ಭಾರಕ್ಕೆ ನೆಲದ ಕಡೆ ವಾಲಿತು. ಎಡಗೈ, ಯಾರೂ ಹೇಳದೆ, ಅದನ್ನು ಎತ್ತಿಹಿಡಿಯಲು ಕೆಳಗೆ ಹೋಯಿತು. ಮಣಿಕಟ್ಟು ಮುರಿದ ಹಾಗೆ ಮಡಚಿಕೊಂಡಿತು. ಸ್ವರ ಹಿಡಿಯಬೇಕಾದ ಕೈ ಸಾಮಾನು ಹೊರುತ್ತಿತ್ತು.

ಅಂಗಡಿಯಿಂದ ತಂದ ದಿನ ಹೇಗಿತ್ತೋ ಆ ಪಟ್ಟಿ ಹಾಗೇ ಇತ್ತು. ಮೇಣದ ಕೂದಲೆಳೆ ವ್ಯತ್ಯಾಸಕ್ಕೆ ಸೆಟ್ಟನ್ನೇ ಬಿಚ್ಚುವವರು ಅದರ ಬಕಲ್ಲನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಈಗ ಕೂತು, ಪಟ್ಟಿ ಬೆನ್ನಿಗೆ ಬಿಗಿಯಾಗಿ ತಾಗುವವರೆಗೆ ಎಳೆದರು. ಎದ್ದರು. ಗಿಟಾರು ಕೂತಾಗ ಎಲ್ಲಿತ್ತೋ ಅಲ್ಲೇ ಇತ್ತು. ಆದರೂ ತುದಿ ಇನ್ನೂ ವಾಲುತ್ತಿತ್ತು. ಆಮೇಲೆ ಅವರು ಮನೆಯಲ್ಲಿ ಒಂದು ಬಟ್ಟೆಯ ಚೀಲ ಹೊಲಿದು, ಹಲ್ಲಿನ ಚೌಕಟ್ಟು ಎರಕ ಹೊಯ್ದು ಉಳಿದ ಲೋಹದ ಚೂರುಗಳನ್ನು ತುಂಬಿ, ಪಟ್ಟಿಯ ಹಿಂಬದಿಯ ತುದಿಗೆ ಕಟ್ಟಿದರು. ಒಂದು ಚೂರು ಹಾಕಿ ಕೈಬಿಟ್ಟು ನೋಡುವುದು, ಇನ್ನೊಂದು ತೆಗೆಯುವುದು. ನುಣುಪು ನೈಲಾನಿನ ಪಟ್ಟಿ ಹೆಗಲ ಮೇಲೆ ಜಾರದಂತೆ ಒಳಬದಿಗೆ ಒರಟು ಚರ್ಮದ ತುಂಡು ಹಾಕಿ ಹೊಲಿದರು. ಕೊನೆಗೆ ಎರಡೂ ಕೈ ಬಿಟ್ಟು ನಿಂತರೆ ಗಿಟಾರು ತಾನಾಗಿ ಎದೆಯ ಕೆಳಗೆ ಓರೆಯಾಗಿ ನಿಂತುಕೊಂಡಿತು.

ಇದೆಲ್ಲ ಆದದ್ದು ಆಮೇಲೆ. ಅವತ್ತು ಮಾತ್ರ ನರದ ಡಾಕ್ಟರ ಹತ್ತಿರ ಹೋಗಲೇಬೇಕೆಂದು ಭಾವನೇ ಹಟ ಹಿಡಿದರು. ಗೊತ್ತಾದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಆ ಡಾಕ್ಟರು ಮೊಣಕಾಲಿಗೆ ತಟ್ಟಿದರು, ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. “ಸದ್ಯಕ್ಕೆ ಏನೂ ಕಾಣಲ್ಲ,” ಎಂದರು. ನನಗೆ ಖುಷಿಯಾಯಿತು. ಭಾವ ಮೆಟ್ಟಿಲು ಇಳಿಯುತ್ತ, “ಸದ್ಯಕ್ಕೆ ಅಂದ್ರಲ್ಲ,” ಎಂದರು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಅವಳಿಗೆ ಅಷ್ಟರಲ್ಲಿ ಎಲ್ಲವೂ ಗೊತ್ತಿತ್ತು. ನಾನು ಹೇಳಲಿಲ್ಲ, ಅರ್ಧ ಲೋಟಗಳು ಹೇಳಿದ್ದವು. ಗಿಟಾರು ಅಷ್ಟು ಮೇಲಿರುವುದನ್ನು ನೋಡಿ ಢಂಢಂ ಮಾವ, ಮಗೂಗೆ ಊಟ ಮಾಡ್ಸೋ ಹಾಗಿದೆ ಎಂದು ಛೇಡಿಸಿದರು. ಭಾವನಿಗೆ ಕೇಳಿಸಲೇ ಇಲ್ಲ. ಎರಡನೆಯ ಹಾಡು ಬಂತು. ನಾನು ಕೀಬೋರ್ಡು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಹಣೆಯಲ್ಲಿ ಬೆವರು, ಒಣಗಿದ ತುಟಿ. ಪ್ಯಾಂಟಿನ ಕಾಲುಗಳು ಗಾಳಿಗೆ ಸಿಕ್ಕ ಪರದೆಯ ಹಾಗೆ ಅದುರುತ್ತಿದ್ದವು. ಭಯ ಇಡೀ ಮೈಯಲ್ಲಿತ್ತು. ನಾಲ್ಕು ಸ್ವರ ಬಂತು. ಐದನೆಯದೂ ಬಂತು. ಎಡಗೈ ಏನನ್ನೂ ಹೊರದೆ, ಕೂತಾಗ ಓಡಾಡುವ ಹಾಗೇ ತಂತಿಗಳ ಮೇಲೆ ಓಡಾಡುತ್ತಿತ್ತು. ನಾನೇ ನನ್ನ ಸ್ವರ ಮರೆತು ತಡವಾಗಿ ಸೇರಿಕೊಂಡೆ.

ಮುಗಿದ ಮೇಲೆ ಅಕ್ಕ ಮತ್ತು ನಾನು ಮಾಮೂಲಿ ಸುತ್ತುದಾರಿಗೆ ತಿರುಗಿದೆವು. ಭಾವ ತಿರುಗಲಿಲ್ಲ. ನೇರ ಆ ಬೀದಿಗೇ ನಡೆದರು. ನಾವು ಹಿಂದೆಯೇ ಹೋದೆವು. ಕನ್ನಡಕದ ಅಂಗಡಿಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಮೇಲೆ, ಬಣ್ಣ ಮಾಸಿದ ಆ ಅಕ್ಷರಗಳು.

ಭಾವ ಬಹಳ ಹೊತ್ತು ನೋಡಿದರು. ಸಂತೋಷಪಡಬೇಕಾದ ಹೊತ್ತಿನಲ್ಲಿ ಅವರ ಮುಖ ಮತ್ತೆ ಅದೇ ರಕ್ತವಿಲ್ಲದ ಮುಖವಾಗಿತ್ತು.

“ಅಪ್ಪ ಏಣಿ ಮೇಲೆ ಹೇಗೆ ನಿಂತಿರ್ತಿದ್ರು ಅಂತ,” ಎಂದರು, “ಯಾರಾದ್ರೂ ಒಂದ್ಸಲ ನೋಡಿದ್ರಾ?”

ಅಕ್ಕ ಅವರ ತೋಳು ಹಿಡಿದುಕೊಂಡಳು. ಭಾವ ಗಿಟಾರಿನ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಒಳಗೆ ಲೋಹದ ಚೂರುಗಳು ಕಿಣಿಕ್ಕೆಂದವು. ಅವರ ಕಣ್ಣು ಕೊನೆಯ ಅಕ್ಷರದಿಂದ ಗೋಡೆಗುಂಟ ಕೆಳಗಿಳಿದು, ಏಣಿಯ ಕಾಲು ಎಲ್ಲಿ ಊರಿದ್ದಿರಬಹುದೆಂದು ಹುಡುಕುವ ಹಾಗೆ, ಕಾಲುದಾರಿಯ ಕಲ್ಲುಗಳ ಮೇಲೆ ಓಡಾಡುತ್ತಿತ್ತು.