ಪೂಜೆಗಿಟ್ಟ ಪಾನಾ

ಖಂಡೆನವಮಿಯ ದಿನ ನಿಪ್ಪಾಣಿಯ ಗ್ಯಾರೇಜುಗಳಲ್ಲಿ ಸುತ್ತಿಗೆ ಸಪ್ಪಳ ಕೇಳಬಾರದು. ಜಾಕು, ಬೋಲ್ಟು ಬಿಗಿಯುವ ಪಾನಾ, ಸುತ್ತಿಗೆಗಳೆಲ್ಲ ಮೈ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ಕೂತಿರುತ್ತವೆ. ಮರುದಿನ ಬನ್ನಿ ಮುಡಿಯುವ ತನಕ ಯಾರೂ ಅವನ್ನು ಎತ್ತುವಂತಿಲ್ಲ. ಆ ದಿನ ಚಿಕ್ಕೋಡಿ ರಸ್ತೆಯ ಒಂದೇ ಒಂದು ತಗಡಿನ ಶೆಡ್ಡಿನಿಂದ ಠಣ್ ಠಣ್ ಎಂದು ಸದ್ದು ಬರುತ್ತಿತ್ತು. "ಆ ರಾಜಾರಾಮಗ ದೇವರೂ ಇಲ್ಲ, ದಿಂಡರೂ ಇಲ್ಲ" ಎಂದು ಹೋಗಿಬರುವವರು ಬಯ್ಯುತ್ತಿದ್ದರು. ದಾರಿಯಲ್ಲಿ ಅವರದೇ ಗಾಡಿ ಕೆಟ್ಟು ನಿಂತರೆ ಮಾತ್ರ ಅದೇ ಬಾಯಿಂದ "ರಾಜಾರಾಮ ಮಿಸ್ತ್ರೀ, ಒಂದೀಟ ನೋಡ್ರಿ" ಎನ್ನುತ್ತ ಬರುತ್ತಿದ್ದರು. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನು ಆ ದಿನವೇ ಯಾಕೆ ಶೆಡ್ಡು ತೆರೆಯುತ್ತಿದ್ದ ಎಂದು ಒಬ್ಬರಾದರೂ ಕೇಳಲಿಲ್ಲ.

ನನ್ನ ಹೆಸರು ಭೀಮಸಿ. ನಮ್ಮ ಮನೆಯವರೆಲ್ಲ ಕುರಿ ಹಿಂದೆ ಹೋದರು; ನಾನೊಬ್ಬ ಲಾರಿ ಹಿಂದೆ ಬಿದ್ದು ಪುಣೆ–ಬೆಂಗಳೂರು ರಸ್ತೆಯ ಬದಿಗೆ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕಿದೆ. ಎದುರಿಗೆ ಅಪ್ಪಾಸಾಬನ ಗ್ಯಾರೇಜು. ರಾಜಾರಾಮ ಅಲ್ಲಿಯ ಪಾಟಾ ಮಿಸ್ತ್ರಿ. ಗಾಡಿಯ ಕೆಳಗೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಭಾರ ಹೊತ್ತು ಕುಲುಕು ನುಂಗುವ ಪಟ್ಟಿಗಳು, ಅವೇ ಪಾಟಾ. ಕಬ್ಬು, ತಂಬಾಕು ಹೊತ್ತು ಹೊತ್ತು ಅವು ಕುಸಿದು ಕೂತುಬಿಡುತ್ತವೆ. ಅವನ್ನು ಬಿಚ್ಚಿ, ಬಡಿದು, ಮತ್ತೆ ಕಮಾನಿನ ಹಾಗೆ ಎಬ್ಬಿಸುವುದು ಅವನ ಕೆಲಸ. ಕೆಲಸದಲ್ಲಿ ದೊಡ್ಡವನು, ಬಾಯಿಯಲ್ಲಿ ಅದಕ್ಕಿಂತ ದೊಡ್ಡವನು. ಡ್ರೈವರುಗಳನ್ನು ಅವರ ಅಪ್ಪ ಅಜ್ಜನ ತನಕ ಎಳೆದು ಬಯ್ಯುತ್ತಿದ್ದ. ಪಾಟಾದ ತುದಿಯಲ್ಲಿ ಕೂರುವ ರಬ್ಬರಿನ ಬುಶ್ಶನ್ನು ನಾನು ಕೊಟ್ಟರೆ ಮೂಸಿ ನೋಡಿ, "ಇದು ರಬ್ಬರೋ, ಕಟಕರೊಟ್ಟಿಯೋ?" ಎಂದು ನನ್ನ ಮೇಲೆಯೇ ಎಸೆಯುತ್ತಿದ್ದ. ಅವನನ್ನು ಪಾಪದವನು ಎಂದು ಯಾರೂ ಕರೆಯಲಾರರು.

ಅವನು ಹತ್ತಿರದ ಅಕ್ಕೋಳದವನು, ಬೌದ್ಧರಾದ ದಲಿತರ ಓಣಿಯವನು. ತಾಯಿ ತುಳಸವ್ವ ಊರಿನ ಜಮೀನ್ದಾರ ಆಬಾಸಾಹೇಬರ ಮನೆತನದ ತಂಬಾಕಿನ ಹೊಲದಲ್ಲಿ ಕುಡಿ ಮುರಿದು ಮುರಿದು ಕೈ ಕಪ್ಪಾಗಿಸಿಕೊಂಡವಳು. ಅವಳ ಕಾಲದಲ್ಲಿ ಆ ಓಣಿಯವರು ಆಬಾಸಾಹೇಬರ ವಾಡೆಯ ಮುಂದೆ ಹಾಯುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು. ರಾಜಾರಾಮನ ವಯಸ್ಸಿನವರು ಅದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಆ ವಾಡೆಯಲ್ಲಿ ಒಂದು ಕಾರಿತ್ತು. ಆಬಾಸಾಹೇಬರ ತಂದೆ ಕೊಲ್ಲಾಪುರದ ಯಾರೋ ಸರದಾರರಿಂದ ಕೊಂಡದ್ದು. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ವಿಲಾಯತಿಯಲ್ಲಿ ಪಂದ್ಯಕ್ಕೆ ಓಡಿಸುವ ಸ್ಪೋರ್ಟ್ಸ್ ಕಾರಂತೆ. ಒಮ್ಮೆ ಅದು ಹೊಲದ ಬದಿಗೆ ಧೂಳೆಬ್ಬಿಸಿ ಹೋದಾಗ ತುಳಸವ್ವ ಸೊಂಟ ನೆಟ್ಟಗೆ ಮಾಡಿ ನೋಡಿ, "ಅದರಾಗ ಕುಂತ್ರ ಹೆಂಗ ಅನಸ್ತೈತೋ ಏನೋ" ಅಂದಿದ್ದಳಂತೆ. ಸಾಲಿನ ಹೆಂಗಸರು ನಕ್ಕರು, ಅವಳೂ ನಕ್ಕಳು. ಮಗ ಮಾತ್ರ ಆ ಮಾತನ್ನು ಮರೆಯಲಿಲ್ಲ.

ಎಂಬತ್ತೇಳರ ಶ್ರಾವಣದಲ್ಲಿ ಅದೇ ಕಾರು ಅಪ್ಪಾಸಾಬನ ಗ್ಯಾರೇಜಿಗೆ ಬಂತು. ಅಷ್ಟೊತ್ತಿಗೆ ಅದಕ್ಕೂ ಮುಪ್ಪು ಹತ್ತಿತ್ತು. ಹಿಂದಿನ ಪಾಟಾ ಚಪ್ಪಟೆಯಾಗಿ, ಬುಶ್ಶುಗಳು ಪುಡಿಪುಡಿಯಾಗಿ, ಶಾಕಬ್ಸರಿನಿಂದ ಎಣ್ಣೆ ಸೋರುತ್ತಿತ್ತು. ಸಣ್ಣ ಕುಣಿ ಬಂದರೂ ಧಡಲ್ ಎನ್ನುತ್ತಿತ್ತು. ರಾಜಾರಾಮ ಅದರ ಕೆಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲ.

"ದಸರಾಕ್ಕ ಇದ್ರಾಗ ಕುಂತ ಬನ್ನಿ ಮುಡಿಯಾಕ ಹೋಗಬೇಕು. ಆಕ್ಕೈತೇನೋ?" ಎಂದರು ಆಬಾಸಾಹೇಬರು.

"ಆಕ್ಕೈತ್ರಿ ಸಾಹೇಬ್ರ. ರೊಕ್ಕದ ಮಾತ ಮಾಲಕರ ಕೂಡ ಆಡ್ರಿ. ನಂದೊಂದ ಬ್ಯಾರೆ ಮಾತ ಐತ್ರಿ."

"ಏನದು?"

"ಪಾಟಾ ಕೆಲಸಾ ಮಾಡಿದಾಂವ ಗಾಡಿ ಓಡಿಸಿ ನೋಡಬೇಕ್ರಿ, ಇಲ್ಲಂದ್ರ ಕೆಲಸಾ ಮುಗದಂಗ ಅಲ್ಲ. ಟ್ರಯಲ್ ನಮ್ಮ ಅಕ್ಕೋಳ ರಸ್ತಾದಾಗ ಹೊಡೀತೇನ್ರಿ. ಬಾಜೂಕ ನಮ್ಮವ್ವನ್ನ ಕುಂದರಿಸಿಕೊಂಡು."

ಆಬಾಸಾಹೇಬರು ದೊಡ್ಡದಾಗಿ ನಕ್ಕರು. "ಆತಳ, ಹೋಗಿ ಬಾ. ಗಟ್ಟಿ ಹಿಡಕೊಂಡು ಕುಂದ್ರ ಅಂತ ಹೇಳು ನಿಮ್ಮವ್ವಗ!" ಎಂದರು. ಈ ಮಾತು ನಡೆದದ್ದು ನನ್ನ ಅಂಗಡಿಯ ಕಟ್ಟೆಯ ಮುಂದೆ. ನಾನು ಕಿವಿಯಾರೆ ಕೇಳಿದ್ದೇನೆ.

ಆ ಎರಡು ತಿಂಗಳು ಅವನ ಬಯ್ಗುಳ ಕೂಡ ಸಿಹಿಯಾಗಿತ್ತು. ಪಾಟಾವನ್ನು ಕುಲುಮೆಗೆ ಹಾಕಿ ಒಂದೊಂದೇ ಪಟ್ಟಿ ಬಡಿದು ಎಬ್ಬಿಸಿದ. ಬುಶ್ ಹುಡುಕಲು ನಾನು ಕೊಲ್ಲಾಪುರ, ಪುಣೆ ಸುತ್ತಿ ಬರಿಗೈಲಿ ಬಂದೆ. ಅವನು ಲಾರಿಯ ದಪ್ಪ ರಬ್ಬರನ್ನು ಲೇಥಿಗೆ ಹಿಡಿದು ತಾನೇ ಕೊರೆದ, ಅದೂ ಒಂದರ ಬದಲು ಎರಡು ಸೆಟ್ಟು. "ಇನ್ನೊಂದ ಯಾರಿಗಲೇ?" ಎಂದು ಕೇಳಿದೆ. "ಇರ್ಲಿ ಭೀಮಸಿಯಣ್ಣಾ. ಈ ಊರ ಮಂದಿ ಕೈ ನನಗ ಗೊತ್ತೈತಿ" ಎಂದು ಅದನ್ನು ತಗಡಿನ ಡಬ್ಬಿಯಲ್ಲಿ ಹಾಕಿಟ್ಟ. ಅಥಣಿಯಿಂದ ಬಂದ ಡ್ರೈವರನ ಕೈಯಲ್ಲಿ ತಾಯಿಗೆ ಒಂದು ಜೊತೆ ಅಥಣಿಯ ಚಪ್ಪಲಿ ತರಿಸಿದ, ಕೆಂಪು ಗೊಂಡೆಯವು. ತುಳಸವ್ವ ಅವನ್ನು ಹಳೇ ಸೀರೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, "ಕಾರಿನಾಗ ಹೋಗೂ ದಿನಾನ ಹಾಕ್ಕೋತೀನಿ" ಅಂದಳಂತೆ. ಅದನ್ನು ನನಗೆ ಹೇಳುವಾಗ ಆ ಒರಟನ ಮುಖ ನೋಡಬೇಕಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಅಷ್ಟಮಿ ಬಂದಿತ್ತು. ಕಾರು ಇನ್ನೂ ಕಲ್ಲು ದಿಮ್ಮಿಗಳ ಮೇಲೆ, ಚಕ್ರ ಗಾಳಿಯಲ್ಲಿ. ಬುಶ್ಶಿನ ಬೋಲ್ಟುಗಳನ್ನು ರಾಜಾರಾಮ ಕೈಯಿಂದಷ್ಟೇ ತಿರುಗಿಸಿ ಸಡಿಲ ಬಿಟ್ಟಿದ್ದ. ಇನ್ನೇನು ಕೆಳಗಿಳಿಸಬೇಕು ಎನ್ನುವಾಗ ಆಬಾಸಾಹೇಬರ ಹೆಂಡತಿ ಲಕ್ಷ್ಮಿಬಾಯಿಯವರಿಂದ ಅಪ್ಪಣೆ ಬಂತು. ಗಾಡಿಗೆ ಹೊಸ ಕಾಲು ಬಂದಿವೆ, ಅದು ಮೊದಲ ಹೆಜ್ಜೆಯನ್ನು ನಾಳೆ ಪೂಜೆಯಾದ ಮೇಲೆ ನಿಂಬೆಹಣ್ಣಿನ ಮೇಲೆಯೇ ಇಡಬೇಕು, ಅಲ್ಲಿಯ ತನಕ ನೆಲಕ್ಕೆ ತಾಗಿಸಬೇಡಿ.

"ಹಂಗಾರ ಬೋಲ್ಟ ಈಗ ಬಿಗಿದು ಬಿಡು" ಎಂದ ಅಪ್ಪಾಸಾಬ. "ನಾಳೆ ಪಾನಾ ಎಲ್ಲಾ ಪೂಜೆದಾಗ ಇರ್ತಾವ."

"ಗಾಳ್ಯಾಗ ಬಿಗಿಯಾಕ ಬರೂದಿಲ್ರಿ. ಚಕ್ರ ಜೋತಾಡುವಾಗ ಬಿಗಿದ್ರ, ನೆಲಕ್ಕ ಇಳದ ಕೂಡ್ಲೇ ಒಳಗ ರಬ್ಬರ್ ತಿರುಚಕೋತೈತಿ. ನಿಂತಾಗ ಸೊಂಟದ ಪಟ್ಟಾ ಜಗ್ಗಿ ಬಿಗದು, ಆಮ್ಯಾಲ ಊಟಕ್ಕ ಕುಂತಂಗ. ಗಾಡಿ ಇಳದು ತನ್ನ ಭಾರಾ ತಾ ಹೊತ್ತ ಮ್ಯಾಲ ಬಿಗೀಬೇಕು. ನನ್ನದೊಂದ ಪಾನಾ ಪೂಜೆಗೆ ಇಡಬ್ಯಾಡ್ರಿ, ಸಾಕು. ನಾ ಏನ ಪೂಜೆ ಮಾಡಾಂವಲ್ಲ."

"ನೋಡೂಣು ನಾಳೆ" ಎಂದ ಅಪ್ಪಾಸಾಬ. ಈ 'ನೋಡೂಣು' ಎನ್ನುವ ಮಾತಿದೆಯಲ್ಲ, ನಮ್ಮ ಕಡೆ ಅದಕ್ಕಿಂತ ದೊಡ್ಡ ಸುಳ್ಳು ಮತ್ತೊಂದಿಲ್ಲ. ರಾಜಾರಾಮ ಅದನ್ನೇ ನಂಬಿ, ಅವ್ವನಿಗೆ ತಯಾರಾಗಿರು ಎಂದು ಹೇಳಲು ಅಕ್ಕೋಳಕ್ಕೆ ಹೋದ.

ಪ್ರತಿ ವರ್ಷ ಖಂಡೆನವಮಿಯಂದು ಅವನು ಗ್ಯಾರೇಜಿನ ಕಡೆಗೆ ಹಾಯುತ್ತಿರಲಿಲ್ಲ. ಬರಬೇಡ ಎಂದು ಯಾರೂ ಹೇಳಿರಲಿಲ್ಲ; ಬಾ ಎಂದೂ ಹೇಳಿರಲಿಲ್ಲ. ಆ ವರ್ಷ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದ. ಪೂಜೆ ಆಗಿತ್ತು. ಅವನ ಪಾನಾ ಎಲ್ಲದರ ನಡುವೆ, ಹೂವಿನ ಕೆಳಗೆ ಕೂತಿತ್ತು. ಜಾಕೂ ದೇವರಾದ್ದರಿಂದ ಕಾರನ್ನು ಇಳಿಸಲು ತಂಬಾಕಿನ ಗೋದಾಮಿನ ಹಮಾಲರನ್ನು ಕರೆಸಿದ್ದರು. ಅವರು ಹೊರೆ ಎತ್ತಿದ ಹಾಗೆ ಕಾರನ್ನು ಎತ್ತಿ ದಿಮ್ಮಿಯಿಂದ ಇಳಿಸಿದರು. ಆಬಾಸಾಹೇಬರು ಸ್ಟೇರಿಂಗ್ ಹಿಡಿದು ಕೂತರು. ರಾಜಾರಾಮ ಬಗ್ಗಿ ತನ್ನ ಪಾನಾಕ್ಕೆ ಕೈ ಚಾಚಿದ. ಅಪ್ಪಾಸಾಬ ಅವನ ಮಣಿಕಟ್ಟು ಹಿಡಿದ.

"ಏ ರಾಜಾ, ಇವತ್ತ ಬ್ಯಾಡ."

"ದಿನಾ ನಾನ ಹಿಡಿಯೂ ಪಾನಾ ಐತ್ರಿ ಇದು."

"ದಿನಾದ ಮಾತ ಬ್ಯಾರೆ. ಇವತ್ತ ಅದಕ್ಕ ಪೂಜೆ ಆಗೈತಿ. ನೀ ಮುಟ್ಟಬ್ಯಾಡ." ಆಮೇಲೆ ದನಿ ತಗ್ಗಿಸಿ, "ನಿನ್ನೆನ ಲಗಮಣ್ಣ ಎಲ್ಲಾ ಬಿಗದಾನ. ಸುಮ್ಮನ ನಿಂದ್ರು" ಎಂದ.

ಲಗಮಣ್ಣ ಅಲ್ಲಿಯ ಇನ್ನೊಬ್ಬ ಮಿಸ್ತ್ರಿ. ಅವನು ಕಾಯಿ ಒಡೆಯುವುದರಲ್ಲಿ ಬಹಳ ಮಗ್ನನಾಗಿದ್ದ.

ವರ್ಷವಿಡೀ ಆ ಪಾನಾಕ್ಕೆ ಅಂಟಿದ್ದು ರಾಜಾರಾಮನ ಬೆವರು. ಒಂದು ಚಿಟಿಕೆ ಕುಂಕುಮ ಬಿದ್ದದ್ದೇ ತಡ, ಅವನ ಕೈಯೇ ಅದಕ್ಕೆ ಮೈಲಿಗೆ! ನನಗೆ ಆ ಸಾಲನ್ನೇ ಒದೆಯಬೇಕು ಅನ್ನಿಸಿತು. ರಾಜಾರಾಮ ಕೈ ಬಿಡಿಸಿಕೊಂಡು ಕಾರಿನ ಹತ್ತಿರ ಹೋದ. "ಸಾಹೇಬ್ರ, ಟ್ರಯಲ್..." ಎಂದ.

"ಪೂಜೆ ಆದ ಗಾಡಿಗೆ ಎಂಥಾ ಟ್ರಯಲ್ಲೋ! ದಸರಾ ಮುಗೀಲಿ, ನೋಡೂಣು." ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. ಎಡಗಡೆಯ ಸೀಟಿನಲ್ಲಿ ಅವರ ಮಗ ಕೂತಿದ್ದ. ಅಕ್ಕೋಳದಲ್ಲಿ ತುಳಸವ್ವ ಹೊಸ ಚಪ್ಪಲಿ ಮೆಟ್ಟಿ ಹೊತ್ತು ಮುಳುಗುವ ತನಕ ಹೊಸ್ತಿಲ ಮೇಲೆ ಕೂತಿದ್ದು, ಆಮೇಲೆ ಅವನ್ನು ಮತ್ತೆ ಸೀರೆಯಲ್ಲಿ ಸುತ್ತಿಟ್ಟಳು.

ದೀಪಾವಳಿಗೆ ಮೊದಲೇ, ಗಾಳಿಯಲ್ಲಿ ಬಿಗಿದ ಆ ಬುಶ್ಶುಗಳು ಹರಿದವು. ಒಂದು ತಿರುವಿನಲ್ಲಿ ಹಿಂಭಾಗ ಜಾರಿ, ಹುಣಸೆಮರಕ್ಕೆ ಮಡ್‌ಗಾರ್ಡ್ ತಾಗಿ ಮುದುಡಿತು. ಯಾರಿಗೂ ಏನೂ ಆಗಲಿಲ್ಲ, ರಾಜಾರಾಮನಿಗೆ ಆಯಿತು. "ಪಾಟಾ ಕೆಲಸಾ ನಮ್ಮ ರಾಜಾಂದ್ರಿ" ಎಂದ ಅಪ್ಪಾಸಾಬ, ನಾಚಿಕೆಯಿಲ್ಲದೆ. ಲಗಮಣ್ಣ ನೆಲ ನೋಡಿದ. "ಕೆಲಸಾ ಬರೂದಿಲ್ಲ, ಮ್ಯಾಲ ಅವ್ವನ್ನ ಕುಂದರಿಸಿ ಮೆರಸಾಂವ!" ಎಂದರು ಆಬಾಸಾಹೇಬರು, ಎಲ್ಲರ ಮುಂದೆ. ರಾಜಾರಾಮ ಅವತ್ತು ಒಂದು ಬಯ್ಗುಳವನ್ನೂ ಆಡಲಿಲ್ಲ. ತನ್ನ ಪಾನಾ ಮತ್ತು ಆ ತಗಡಿನ ಡಬ್ಬಿ ಎತ್ತಿಕೊಂಡು ಹೊರಟುಹೋದ. ಚಿಕ್ಕೋಡಿ ರಸ್ತೆಗೆ ಶೆಡ್ಡು ಹಾಕಿದ. ಮರುವರ್ಷದ ಖಂಡೆನವಮಿಯಿಂದ ಆ ಸುತ್ತಿಗೆ ಸಪ್ಪಳ ಶುರುವಾಯಿತು.

ತೊಂಬತ್ತೈದರ ಹೊತ್ತಿಗೆ ಆಬಾಸಾಹೇಬರು ತೀರಿಕೊಂಡಿದ್ದರು. ಮಗ ಕೊಲ್ಲಾಪುರದಲ್ಲಿ ಮನೆ ಮಾಡಿ ಅಕ್ಕೋಳದ ವಾಡೆಗೆ ಕೀಲಿ ಹಾಕಿದ್ದ. ಆ ವರ್ಷ ಖಂಡೆನವಮಿಯ ಬೆಳಿಗ್ಗೆ ಅದೇ ಕೆಂಪು ಕಾರು ಕುಂಯ್‌ಗುಡುತ್ತ ರಾಜಾರಾಮನ ಶೆಡ್ಡಿಗೆ ಬಂತು. ನಾನು ಅಲ್ಲಿಯೇ ಇದ್ದೆ. ಮಗನಿಗೆ ಅದನ್ನು ಮಾರಬೇಕಿತ್ತು. ಕೊಳ್ಳುವವರು ಪುಣೆಯಿಂದ ಮರುದಿನವೇ ಬರುವವರಿದ್ದರು, ಬೇರೆ ಗ್ಯಾರೇಜು ಯಾವುದೂ ತೆರೆದಿರಲಿಲ್ಲ. ರಾಜಾರಾಮ ತಗಡಿನ ಡಬ್ಬಿ ತೆಗೆದ. ಎರಡನೆಯ ಸೆಟ್ಟಿನ ಬುಶ್ಶುಗಳು ಹಾಗೇ ಇದ್ದವು. ಹೊತ್ತು ಇಳಿಯುವ ತನಕ ದುಡಿದು, ಕಾರನ್ನು ನೆಲಕ್ಕಿಳಿಸಿ, ಭಾರಕ್ಕೆಂದು ನನ್ನನ್ನು ಸೀಟಿನಲ್ಲಿ ಕೂರಿಸಿ, ಕೆಳಗೆ ಮಲಗಿ ಒಂದೊಂದೇ ಬೋಲ್ಟು ಬಿಗಿದ.

"ಎಷ್ಟಾತು?" ಎಂದ ಮಗ.

"ರೊಕ್ಕಾ ಬ್ಯಾಡ್ರಿ. ಅಕ್ಕೋಳದ ತನಕ ಒಂದ ಟ್ರಯಲ್ ಹೊಡೀತೇನ್ರಿ."

"ಅಷ್ಟೇನಾ? ಹೋಗಿ ಬಾ ಹೋಗ. ನಾ ಊಟಾ ಮಾಡಿ ಬರ್ತೇನಿ." ಅವನು ಹಿಂದಿರುಗಿಯೂ ನೋಡಲಿಲ್ಲ. ಎಂಟು ವರ್ಷ ಒಬ್ಬ ಮನುಷ್ಯನ ಎದೆಯಲ್ಲಿ ಚುಚ್ಚುತ್ತಿದ್ದದ್ದನ್ನು ಹಲ್ಲುಕಡ್ಡಿ ಕೊಟ್ಟಷ್ಟು ಸಲೀಸಾಗಿ ಕೊಟ್ಟು ನಡೆದ. ನನಗೆ ಅದೇ ಹೆಚ್ಚು ಸಿಟ್ಟು ತರಿಸಿತು.

ನಾನು ನನ್ನ ಲೂನಾ ಹತ್ತಿ ಹಿಂದೆ ಹೋದೆ. ತುಳಸವ್ವನಿಗೆ ಆಗ ಕಣ್ಣು ಮಂಜಾಗಿತ್ತು, ಸೊಂಟ ಬಾಗಿತ್ತು. ರಾಜಾರಾಮ ಗೂಡಿನಿಂದ ಚಪ್ಪಲಿ ತೆಗೆದು ತಾನೇ ಅವಳ ಕಾಲಿಗೆ ಮೆಟ್ಟಿಸಿ, ಎತ್ತಿ ಸೀಟಿನಲ್ಲಿ ಕೂರಿಸಿದ. ಓಣಿ ಪೂರ್ತಿ ಹೊರಗೆ ಬಂದು ನಿಂತಿತ್ತು. ಮುದುಕಿ ಬಾಯಿ ತುಂಬ ನಗುತ್ತ, "ಸಾವಕಾಶ ಹೊಡಿಯೋ" ಎನ್ನುತ್ತಿದ್ದಳು. ರಾಜಾರಾಮ ಹೊಲದ ದಾರಿ ಬಿಟ್ಟು ಬೇಕೆಂದೇ ವಾಡೆಯ ಕಡೆಗೆ ತಿರುಗಿಸಿದ.

ವಾಡೆಯ ಬಾಗಿಲಿಗೆ ತುಕ್ಕು ಹಿಡಿದ ಕೀಲಿ, ಕಟ್ಟೆಯ ಮೇಲೆ ಹುಲ್ಲು. ನೋಡಲು ಒಂದು ನಾಯಿಯೂ ಇರಲಿಲ್ಲ. ಕಾರು ಅದರ ಎದುರು ಬರುತ್ತಿದ್ದಂತೆ ತುಳಸವ್ವ ತಟ್ಟನೆ ಮುಂದಕ್ಕೆ ಬಾಗಿದಳು. ಮುದುಕಿಗೆ ಏನೋ ಆಯಿತು ಎಂದು ಗಾಬರಿಯಾಗಿ ನಾನು ಲೂನಾ ಹತ್ತಿರಕ್ಕೆ ಒಯ್ದೆ. ಅವಳು ಎರಡೂ ಚಪ್ಪಲಿ ಕಳಚಿ ಉಡಿಯಲ್ಲಿ ಇಟ್ಟುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯವ್ವಾ, ಕಾಲಾಗ ಹಾಕ್ಕೋ ಬೇ. ಒಳಗ ಯಾರೂ ಇಲ್ಲ" ಎಂದ ರಾಜಾರಾಮ.

"ವಾಡೆ ದಾಟಲಿ ತಡಿಯಪಾ, ಹಾಕ್ಕೋತೀನಿ."

ವಾಡೆಯ ಮುಂದೆ ರಸ್ತೆ ಕಿತ್ತು ದೊಡ್ಡ ಕುಣಿ ಬಿದ್ದಿತ್ತು. ಕಾರು ಅದರಲ್ಲಿ ಇಳಿದು ಹತ್ತಿತು. ಕೆಳಗೆ ಒಂದು ಸಪ್ಪಳವೂ ಆಗಲಿಲ್ಲ, ಮುದುಕಿಯ ಉಡಿಯಲ್ಲಿದ್ದ ಚಪ್ಪಲಿ ಕೂಡ ಅಲುಗಲಿಲ್ಲ. ಕೆಲಸ ಅಷ್ಟು ಚೊಕ್ಕವಾಗಿತ್ತು.