ಬಾಜೂ ಮನಿ ಬಿಸಿಲು

ವಿದ್ಯಾನಗರದಾಗ ನಮ್ಮ ಬಾಜೂ ಮನಿ ಕಾಕಾ ದಿನಾ ಮುಂಜಾನೆ ಮಾಳಿಗಿ ಹತ್ತಿ, ತಮ್ಮ ಸೋಲಾರ್ ಹೀಟರಿನ ಗಾಜನ್ನ ಕೂಸಿನ ಮಾರಿ ಒರೆಸಿದಂಗ ಒರೆಸ್ತಿದ್ರು. ಕರೆಂಟ್ ಬಿಲ್ ಬಂದ್ರ ಸಾಕು, ಸೋಲಾರ್ ಹಾಕಿಸಿದ್ದಕ್ಕ ಸಿಕ್ಕ ರಿಯಾಯಿತಿ ಬರೆದ ಸಾಲಿನ ಮ್ಯಾಲ ಬೆರಳಿಟ್ಟು, "ಬಿಸಿಲು ಪುಕ್ಕಟ ಐತ್ರಿ, ಮ್ಯಾಲ ರಿಯಾಯಿತಿ ಬ್ಯಾರೆ!" ಅಂತಿದ್ರು. ನನ್ನ ಹೊಟ್ಟಿ ಉರೀತಿತ್ತು.

ಹಟಕ್ಕ ಬಿದ್ದು ನಾನೂ ಹೀಟರ್ ಹಾಕಿಸಿದೆ. ರಿಯಾಯಿತಿ ಕೊಡಾಕ ತಪಾಸಣಿಗೆ ಬಂದ ಕರೆಂಟ್ ಆಫೀಸಿನ ಸಾಹೇಬ್ರು ನಳ ತಿರುವಿದ್ರು, ನೀರು ತಣ್ಣಗಿತ್ತು. ಕಾಕಾರ ಬೇವಿನ ಗಿಡದ ನೆರಳು ನನ್ನ ಗಾಜಿನ ಮ್ಯಾಲ ಬಿದ್ದಿತ್ತು. ರಿಯಾಯಿತಿ ಸಿಗಲಿಲ್ಲ. ಕಾಕಾರ ಮ್ಯಾಲ ಸಿಟ್ಟಾಗಾಕ ಖರೇ ಕಾರಣ ಸಿಕ್ತಂತ ಒಳಗೊಳಗ ಖುಷಿ ಪಟ್ಟೆ.

ಮರುದಿನ ಎದ್ದು ನೋಡಿದ್ರ, ಕಾಕಾ ಕೊಡ್ಲಿ ಹಿಡಕೊಂಡು ಗಿಡ ಹತ್ತಿ ಟೊಂಗಿ ಕಡ್ಯಾಕತ್ತಿದ್ರು. "ಬಿಸಿಲು ಪುಕ್ಕಟ ಐತ್ರಿ, ನಿಮಗೂ ಬರ್ಲಿ!"

ನೆಮ್ಮದಿಯಿಂದ ಹೊಟ್ಟಿಕಿಚ್ಚು ಪಡಾಕೂ ಆ ಮನುಷ್ಯಾ ಬಿಡಲಿಲ್ಲ.