ಭರಣಿ ಒಲೆಯ ಅನ್ನ

ಉತ್ತರ ಸ್ವೀಡನ್ನಿನ ಲುಲೆಯೊದ ಚಳಿಗಾಲದಲ್ಲಿ ಒಂದು ಮಗುವನ್ನು ಅಂಗಳಕ್ಕೆ ಬಿಡಬೇಕಾದರೆ ಮೊದಲು ಉಣ್ಣೆಯ ಒಳಬಟ್ಟೆ, ಅದರ ಮೇಲೆ ಇನ್ನೊಂದು, ಆಮೇಲೆ ಕುತ್ತಿಗೆಯಿಂದ ಪಾದದವರೆಗೆ ಚೀಲದಂಥ ಒಂದೇ ಅಂಗಿ, ಟೊಪ್ಪಿ, ಕೈಗವಸು, ಬೂಟು, ಇಷ್ಟನ್ನೂ ತೊಡಿಸಬೇಕು. ತೊಡಿಸಿ ಮುಗಿಸುವ ಹೊತ್ತಿಗೆ ಮಗು ಉಚ್ಚೆ ಬಂತು ಎನ್ನುತ್ತದೆ. ಶಕುಂತಲಾ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳು. ದಾಗಿಸ್ ಎಂದು ಅಲ್ಲಿಯವರು ಕರೆಯುವ ಶಿಶುವಿಹಾರದಲ್ಲಿ ಅವಳಿಗೆ ನೌಕರಿ. ಗಂಡ ಶಿವಪ್ರಸಾದ ವಿಶ್ವವಿದ್ಯಾಲಯದಲ್ಲಿ ಉಕ್ಕಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಉಡುಪಿಯಿಂದ ಬಂದ ಹೊಸತರಲ್ಲಿ ಅವಳು ಸ್ವೀಡಿಷ್ ಕಲಿತದ್ದು ತರಗತಿಯಲ್ಲಿ ಕೂತಲ್ಲ, ಈ ಮಕ್ಕಳ ಬಾಯಿಂದ. ಹಾಗಾಗಿ ಆ ಭಾಷೆಯಲ್ಲಿ ಅವಳಿಗೆ ಸುತ್ತಿ ಬಳಸಿ ಮಾತಾಡಲು ಬರುತ್ತಿರಲಿಲ್ಲ. ನಾಲ್ಕು ವರ್ಷದ ಮಗುವಿನಂತೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದಳು.

ಕನ್ನಡದಲ್ಲಿ ಮಾತ್ರ ಅವಳು ಎಲ್ಲವನ್ನೂ ನುಂಗಿಕೊಳ್ಳುವ ಹೆಂಗಸು. ಹಾಗೆ ನುಂಗಿಕೊಂಡದ್ದರಲ್ಲಿ ಕರಗದೆ ಉಳಿದದ್ದು ಅತ್ತೆ ಪಾರ್ವತಿಯಮ್ಮನ ಸಂಗತಿ.

ಪಾರ್ವತಿಯಮ್ಮ ಮಡಿಯ ವಿಷಯದಲ್ಲಿ ಯಾರಿಗೂ ಸೊಪ್ಪು ಹಾಕಿದವರಲ್ಲ. ಉಡುಪಿಯಲ್ಲಿ ಹಿರಿಯ ಮಗನ ಮನೆಗೆ ಗ್ಯಾಸ್ ಬಂದಾಗ, ನೀವು ಬೇಕಾದರೆ ಅದರಲ್ಲಿ ಬೇಯಿಸಿಕೊಳ್ಳಿ, ನನ್ನ ಅನ್ನ ಬೆಂಕಿಯದ್ದೇ ಆಗಬೇಕು ಎಂದು ಹಿತ್ತಿಲ ಕಡೆಯ ಕಟ್ಟಿಗೆ ಒಲೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ೨೦೦೫ರ ಬೇಸಿಗೆಯಲ್ಲಿ ಕಿರಿಯ ಮಗನ ಸಂಸಾರ ನೋಡಲು ಮೂರು ತಿಂಗಳಿಗೆಂದು ಲುಲೆಯೊಗೆ ಬಂದರು. ಇಲ್ಲಿಯ ಅಡುಗೆಮನೆಯಲ್ಲಿದ್ದದ್ದು ಕರೆಂಟಿನ ಒಲೆ. ಬೆಂಕಿ ಕಾಣುವುದಿಲ್ಲ, ಕಪ್ಪು ಗಾಜು ಕೆಂಪಾಗುತ್ತದೆ, ಅಷ್ಟೆ. ಪಾರ್ವತಿಯಮ್ಮ ಅದನ್ನು ಒಮ್ಮೆ ಬಗ್ಗಿ ನೋಡಿ ತಮಗೆ ಅವಲಕ್ಕಿ ಸಾಕು ಎಂದರು. ಅವಲಕ್ಕಿ, ಮೊಸರು, ಬಾಳೆಹಣ್ಣು. ಕತ್ತಲಾದ ಮೇಲೆ ಏನೂ ತಿನ್ನದ ವ್ರತ ಬೇರೆ. ಆ ಊರಿನ ಜೂನ್ ತಿಂಗಳಲ್ಲಿ ಕತ್ತಲೆಯೇ ಆಗದೆ ವ್ರತ ಯಾವಾಗ ಶುರು ಯಾವಾಗ ಮುಗಿಯಿತು ಎಂಬುದೇ ಮನೆಯವರಿಗೆ ಗೊಂದಲವಾಯಿತು.

ಶಕುಂತಲಾ ಬೆಳಿಗ್ಗೆ ಸೈಕಲ್ ಹತ್ತುವ ಮೊದಲು ಅನ್ನ, ಸಾರು, ಪಲ್ಯ ಮಾಡಿ ಮುಚ್ಚಿಟ್ಟು ಹೋಗುವಳು. ಒಂದು ದಿನವಾದರೂ ಮನಸ್ಸು ಬದಲಾದೀತು ಎಂಬ ಆಸೆ. ಸಂಜೆ ಬಂದರೆ ಪಾತ್ರೆಗಳು ಹಾಗೆಯೇ ಮುಚ್ಚಿರುತ್ತಿದ್ದವು. ಅತ್ತೆ ಅಂಗಳದ ನಲ್ಲಿಯ ಬಳಿ ಕೂತು ಊರಿಂದ ತಂದ ತಮ್ಮ ಪುಟ್ಟ ಹಿತ್ತಾಳೆ ತಪ್ಪಲೆಗೆ ಬೂದಿ ಹಾಕಿ ತಿಕ್ಕುತ್ತಿರುವರು. ಅವಲಕ್ಕಿ ನೆನೆಸುವ ಪಾತ್ರೆಯನ್ನು ದಿನಾ ಇಷ್ಟು ಬೆಳಗಬೇಕೇ ಎಂದು ಶಕುಂತಲಾಗೆ ಅನ್ನಿಸುತ್ತಿತ್ತು. ಕೇಳಲಿಲ್ಲ. ಹೊರಡುವ ದಿನ ಆ ತಪ್ಪಲೆಯನ್ನು ಇಲ್ಲಿಯೇ ಬಿಟ್ಟು, ಉಪಯೋಗಕ್ಕೆ ಬಂದೀತು ಎಂದಷ್ಟೇ ಹೇಳಿದರು.

ಊರಿಗೆ ಮರಳಿದ ಆರು ತಿಂಗಳೊಳಗೆ, ಪುಷ್ಯ ಮಾಸದಲ್ಲಿ, ಅವರು ತೀರಿಕೊಂಡರು. ಶಿವಪ್ರಸಾದ ಎಲ್ಲರೆದುರು ಅಮ್ಮನ ನಿಷ್ಠೆಯನ್ನು ಕೊಂಡಾಡುತ್ತಿದ್ದ. ಶಕುಂತಲಾ ಅದನ್ನು ಕೇಳಿದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುವಳು. ತನ್ನ ಮನೆಗೆ ಬಂದ ಅತ್ತೆ ಮೂರು ತಿಂಗಳು ಒಂದು ತುತ್ತು ಬಿಸಿ ಅನ್ನ ಉಣ್ಣದೆ ಹೋದರು ಎಂಬುದು ಅವಳಿಗೆ ನಿಷ್ಠೆಯಾಗಿ ಕಾಣಲಿಲ್ಲ, ತನ್ನ ಕೈಯನ್ನೇ ದೂರ ತಳ್ಳಿದಂತೆ ಕಂಡಿತು. ಮೊದಲ ಎರಡು ತಿಥಿಗಳ ಅಡುಗೆ ಕರೆಂಟಿನ ಒಲೆಯಲ್ಲೇ ಆಯಿತು. ಎರಡು ಸಲವೂ ಎಡೆ ಬಡಿಸುವಾಗ, ಬೇಡವೆನ್ನುವವರಿಗೆ ಬಡಿಸಿದ ಹಾಗೆ ಅವಳು ಒಂದೇ ಸೌಟಿಗೆ ಕೈ ಹಿಂದೆ ತೆಗೆದಳು. ಮೂರನೆಯ ವರ್ಷ, ೨೦೦೯ರ ಜನವರಿಯಲ್ಲಿ, ಈ ಸಲ ಅತ್ತೆಗೆ ಬೆಂಕಿಯ ಮೇಲೆ ಬೆಂದ ಅನ್ನವನ್ನೇ ಬಡಿಸುವುದೆಂದು ಅವಳು ಹಟ ಹಿಡಿದಳು.

ಬೆಂಕಿ ಇದ್ದದ್ದು ಪಕ್ಕದ ಮನೆಯ ರಾಗ್ನಾರ್‌ನ ಅಂಗಳದಲ್ಲಿ. ರಾಗ್ನಾರ್ ಹೆಂಡತಿ ತೀರಿಹೋದ, ಕೆಲಸದಿಂದ ನಿವೃತ್ತನಾದ ಒಂಟಿ ಮುದುಕ. ಅವನಲ್ಲಿ ದಪ್ಪ ಸೆರಾಮಿಕ್‌ನ ಒಂದು ಇದ್ದಿಲ ಒಲೆ ಇತ್ತು. ಕಡು ಹಸಿರು ಬಣ್ಣ, ಮೊಟ್ಟೆಯ ಆಕಾರ, ಮೇಲೆ ಭಾರದ ಮುಚ್ಚಳ, ಅಡಿಗೊಂದು ಮತ್ತು ನೆತ್ತಿಗೊಂದು ಗಾಳಿಕಿಂಡಿ. ಪಾರ್ವತಿಯಮ್ಮ ಅದನ್ನು ಕಿಟಕಿಯಿಂದ ನೋಡಿ ಉಪ್ಪಿನಕಾಯಿ ಭರಣಿ ಎಂದಿದ್ದರು. ಅಂದಿನಿಂದ ಮನೆಯಲ್ಲಿ ಅದಕ್ಕೆ ಭರಣಿ ಒಲೆ ಎಂದೇ ಹೆಸರು. ರಾಗ್ನಾರ್ ಎಂಥ ಚಳಿಯಲ್ಲೂ ಸುತ್ತಲ ಹಿಮ ಸರಿಸಿ ಅದನ್ನು ಹೊತ್ತಿಸಿ ಹಂದಿಯನ್ನೋ ಎಲ್ಕ್ ಎಂಬ ಕಾಡುಜಿಂಕೆಯ ಮಾಂಸವನ್ನೋ ಸುಟ್ಟುಕೊಳ್ಳುತ್ತಿದ್ದ.

ಒಂದು ದಿನದ ಮಟ್ಟಿಗೆ ಒಲೆ ಬೇಕಿತ್ತು ಎಂದು ಅವಳು ಕೇಳಿದಾಗ ರಾಗ್ನಾರ್ ಯಾಕೆ, ಏನು ಎನ್ನಲಿಲ್ಲ. ಆ ಕಡೆಯವರು ಹೌದು ಎನ್ನುವುದಕ್ಕೆ ಬಾಯಿ ತೆರೆಯುವುದಿಲ್ಲ, ಉಸಿರನ್ನು ಸುಯ್ಯೆಂದು ಒಳಕ್ಕೆಳೆದುಕೊಳ್ಳುತ್ತಾರೆ. ಅವನೂ ಹಾಗೆ ಮಾಡಿದ, ದಿನಾ ಕೇಳುವವರು ಕೇಳಿದರೇನೋ ಎಂಬಂತೆ. ಮಂಜು ಬಿದ್ದ ಕಾಲದಲ್ಲಿ ಈ ಒಲೆಗೆ ಮೂರು ಪಥ್ಯ ಎಂದು ಮಾತ್ರ ಹೇಳಿದ. ನಿಧಾನ ಕಾಯಿಸಬೇಕು, ಮುಚ್ಚಳವನ್ನು ಸುಮ್ಮಸುಮ್ಮನೆ ತೆಗೆಯಬಾರದು, ನೀರು ಸೋಕಿಸಬಾರದು. ಶಕುಂತಲಾ ಮೂರಕ್ಕೂ ತಲೆಯಾಡಿಸಿದಳು.

ತಿಥಿಯ ಹಿಂದಿನ ಸಂಜೆ ಮುಚ್ಚಳ ತೆಗೆದು ನೋಡಿದಳು. ಒಳಗೆಲ್ಲ ವರ್ಷಗಳ ಜಿಡ್ಡು, ಹಂದಿಯ ಕೊಬ್ಬಿನ ವಾಸನೆ. ಇದರಲ್ಲಿ ಅತ್ತೆಗೆ ಅನ್ನವೇ? ನೀರು ಸೋಕಿಸಬಾರದು ಎಂದದ್ದು ಉರಿಯುವಾಗ ಇರಬೇಕು, ಆರಿದ ಒಲೆಯನ್ನು ಯಾರು ತಾನೇ ತೊಳೆಯುವುದಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಆಮೇಲೆ ಕೇಳಬೇಕೇ. ಒಳಗಿನಿಂದ ಬಕೆಟ್ಟುಗಟ್ಟಲೆ ಬಿಸಿನೀರು ಹೊತ್ತು ತಂದಳು. ನಾರಿನ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ, ಕೊನೆಗೆ ಅರಿಶಿನದ ನೀರು ಚಿಮುಕಿಸಿದಳು. ಹೊಳಪು ಬಳಿಯದ ಒಳಗೋಡೆ ನೀರನ್ನು ಹಂಚಿನಂತೆ ಕುಡಿಯಿತು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಒರೆಸುವ ಬಟ್ಟೆ ಕೈಯಲ್ಲೇ ಹಪ್ಪಳವಾಯಿತು. ಒಲೆ ಮಡಿಯಾಯಿತು ಎಂಬ ಸಮಾಧಾನದಲ್ಲಿ ಮುಚ್ಚಳ ಮುಚ್ಚಿ ಒಳಗೆ ಹೋದಳು.

ಬೆಳಿಗ್ಗೆ ಮಿಂದು ಮಡಿಸೀರೆ ಉಟ್ಟಳು. ಅದರ ಮೇಲೆ ಜಾಕೆಟ್ ಹಾಕದೆ ಗತಿಯಿಲ್ಲ. ಜಾಕೆಟ್ಟಿನೊಳಗೆ ತುಂಬಿದ್ದು ಬಾತುಕೋಳಿಯ ಪುಕ್ಕ. ಹಾಕಿಕೊಂಡು, ಅದರ ಬಗ್ಗೆ ಯೋಚಿಸುವುದಿಲ್ಲವೆಂದು ತೀರ್ಮಾನಿಸಿದಳು. ಒಳಗೆ ಶಿವಪ್ರಸಾದ ಫೋನಿನ ಸ್ಪೀಕರ್ ಹಾಕಿಕೊಂಡು ಕೂತಿದ್ದ. ಉಡುಪಿಯ ಪುರೋಹಿತರು ಅತ್ತಲಿಂದ ಮಂತ್ರ ಹೇಳಿಸುತ್ತಿದ್ದರು. ಹೊರಗೆ ಶಕುಂತಲಾ ಇದ್ದಿಲು ಹೊತ್ತಿಸಿದಳು. ರಾಗ್ನಾರ್ ಹೇಳಿದಂತೆ ಕಿಂಡಿಯನ್ನು ಬೆರಳಗಲ ಮಾತ್ರ ತೆರೆದು, ನಿಧಾನ ಕಾಯಲು ಬಿಟ್ಟಳು. ಕೆಂಡ ಚೆನ್ನಾಗಿ ಹಿಡಿಯಿತು. ಅತ್ತೆಯ ತಪ್ಪಲೆಯಲ್ಲಿ ನೀರಿಟ್ಟು, ಅಕ್ಕಿ ಹಾಕಿ, ಮುಚ್ಚಳ ಮುಚ್ಚಿದಳು. ನೆತ್ತಿಯ ಕಿಂಡಿಯಿಂದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಇನ್ನೇನು ಅನ್ನ ಕುದಿ ಬರಬೇಕು, ಆಗ ಒಲೆಯ ಹೊಟ್ಟೆಯೊಳಗೆ ತೆಂಗಿನಕಾಯಿ ಒಡೆದಂತೆ ಸದ್ದಾಯಿತು. ಹಸಿರು ಮೈಯಲ್ಲಿ ಬಾಯಿಂದ ಅಡಿಯವರೆಗೆ ಒಂದು ಗೆರೆ ಮೂಡಿತು. ನೋಡುತ್ತಿದ್ದಂತೆ ಗೆರೆ ಅಗಲವಾಗಿ ಒಳಗಿನ ಕೆಂಡ ಕಾಣಿಸಿತು.

ಸದ್ದಿಗೆ ರಾಗ್ನಾರ್ ಬಂದ. ಶಕುಂತಲಾಗೆ ಕಾಲಡಿಯ ಹಿಮ ಬಾಯಿ ಬಿಡಬಾರದೇ ಅನ್ನಿಸಿತು. ನಂಬಿ ಕೊಟ್ಟವನ ಒಲೆ ಒಡೆದಿತ್ತು, ಅತ್ತೆಯ ಅನ್ನ ಅರ್ಧಕ್ಕೆ ನಿಂತಿತ್ತು. ರಾಗ್ನಾರ್ ಕೈಗವಸು ಕಳಚಿ ಬಿರುಕಿನ ಪಕ್ಕದಲ್ಲಿ ಬೆರಳಾಡಿಸಿ, “ನೀರಾ?” ಎಂದ.

“ಹೌದು. ತೊಳೆದೆ,” ಎಂದಳು ಶಕುಂತಲಾ. ಸ್ವೀಡಿಷ್ ಆದ್ದರಿಂದ ಉಳಿದದ್ದೂ ಹೊರಬಿತ್ತು. “ನೀವು ಇದರಲ್ಲಿ ಹಂದಿ ಸುಡ್ತೀರಿ. ಇವತ್ತು ನಮ್ಮತ್ತೆಗೆ ಅನ್ನ ಮಾಡ್ಬೇಕು. ಅವರು ಸತ್ತುಹೋಗಿದ್ದಾರೆ.”

ರಾಗ್ನಾರ್ ಕೈಗವಸು ಮತ್ತೆ ತೊಟ್ಟುಕೊಂಡ. “ಅವರು ತೊಳೀತಿರಲಿಲ್ಲ,” ಎಂದ.

ಶಕುಂತಲಾಗೆ ಅರ್ಥವಾಗಲಿಲ್ಲ. ಯಾರು ಎಂದು ಕೇಳಿದಳು.

“ನಿಮ್ಮತ್ತೆ. ಆ ಬೇಸಿಗೇಲಿ ದಿನಾ ಇಲ್ಲೇ ತಾನೇ ಅನ್ನ ಬೇಯಿಸಿಕೊಳ್ತಿದ್ದದ್ದು. ನೀವೇ ಕಳಿಸ್ತಿದ್ದೀರಿ ಅಂದ್ಕೊಂಡಿದ್ದೆ.”

ಆಮೇಲೆ ಆ ಮಾತುಗಳ್ಳ ಮುದುಕ ಹೇಳಿದ್ದು ಇಷ್ಟು. ಸೊಸೆಯ ಸೈಕಲ್ ತಿರುವು ದಾಟುವುದೇ ತಡ, ಪಾರ್ವತಿಯಮ್ಮ ತಪ್ಪಲೆ ಹಿಡಿದು ಬೇಲಿಯ ಸಂದಿನಿಂದ ನುಸುಳಿ ಬರುತ್ತಿದ್ದರು. ಮೊದಲ ದಿನ ಒಲೆಯೊಳಗಿನ ಕಂಬಿಗಳನ್ನು ತೋರಿಸಿ ಮೂಗು ಮುಚ್ಚಿಕೊಂಡರು, ಆಮೇಲೆ ಕಿಂಡಿ ತೋರಿಸಿ ಪೂರಾ ತೆಗೆ ಎಂದು ಕೈಸನ್ನೆ ಮಾಡಿದರು. ಕಂಬಿ ಕೆಂಪಗಾಗಿ ಜಿಡ್ಡೆಲ್ಲ ಉರಿದು ಬೂದಿಯಾಗುವ ತನಕ ಸೆರಗು ಸಿಕ್ಕಿಸಿ ನಿಂತು, ನಂತರ ತಪ್ಪಲೆ ಇಟ್ಟರು. ಅಂದಿನಿಂದ ಅದೇ ಪದ್ಧತಿ. ರಾಗ್ನಾರ್‌ನ ಗಾಜಿನಮನೆಯಲ್ಲಿ ಬೆಳೆದ ಸೌತೆಕಾಯಿಯನ್ನು ಕೇಳದೆ ಕಿತ್ತು ಹುಳಿ ಮಾಡುತ್ತಿದ್ದರು, ಅವನಿಗೂ ಒಂದು ಬಟ್ಟಲು ಕೊಡುತ್ತಿದ್ದರು. ಸೌತೆಕಾಯಿಯನ್ನು ಬೇಯಿಸಿ ತಿನ್ನಬಹುದೆಂದು ಅವನಿಗೆ ಗೊತ್ತಾದದ್ದೇ ಆಗ. ಹೋಗುವಾಗ ಕಾಗದದಲ್ಲಿ ಒಂದು ಹಿಡಿ ಬೂದಿ ಕಟ್ಟಿಕೊಳ್ಳುವರು.

ಬೂದಿ ಎಂದದ್ದೇ ಶಕುಂತಲಾಗೆ ಎಲ್ಲವೂ ಒಟ್ಟಿಗೆ ತಲೆಗೆ ಹೊಕ್ಕಿತು. ಕರೆಂಟಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬಂತೆಂದು ಅವಳು ಆಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಆ ಬೇಸಿಗೆಯಲ್ಲಿ ಅಕ್ಕಿ ಬೇಗ ಖಾಲಿಯಾಗುತ್ತಿದೆಯೆಂದು, ತೂಕದಲ್ಲಿ ಮೋಸ ಮಾಡುತ್ತಾನೆಂದು ಅಂಗಡಿಯವನನ್ನು ಬೈದುಕೊಂಡದ್ದು ನೆನಪಾಯಿತು. ಸಿಟ್ಟು ನೆತ್ತಿಗೇರಿತು. ತಾನು ದಾಗಿಸ್‌ನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದಳು, ತನ್ನ ಕೈಯಲ್ಲೇ ದೋಷವಿದೆಯೆಂದು ನಂಬಿದ್ದಳು, ಆ ಹೆಂಗಸು ಬೇಲಿಯಾಚೆ ಬಿಸಿ ಅನ್ನ ಹುಳಿ ಉಣ್ಣುತ್ತಿದ್ದರು, ಅದೂ ಹಂದಿ ಸುಟ್ಟ ಒಲೆಯದ್ದು! ಆದರೆ ಎಪ್ಪತ್ತು ದಾಟಿದ ಪಾರ್ವತಿಯಮ್ಮ ಸೀರೆ ಎತ್ತಿ ಹಿಡಿದು ಬೇಲಿ ನುಸುಳುವುದು ಕಣ್ಣಿಗೆ ಕಟ್ಟಿದಾಗ ನಗು ತಡೆಯಲಾಗಲಿಲ್ಲ. ಸೊಸೆಯೆದುರು ಒಮ್ಮೆ ಅವಲಕ್ಕಿ ಸಾಕು ಎಂದು ಹೇಳಿಬಿಟ್ಟಿದ್ದರಲ್ಲ, ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಆ ಜಾಗದಲ್ಲಿ ತಾನಿದ್ದರೂ ಹಾಗೆಯೇ ಮಾಡುತ್ತಿದ್ದಳು. ನಗುತ್ತ ನಗುತ್ತ ಅತ್ತಳು, ಕಣ್ಣೀರು ರೆಪ್ಪೆಯ ಮೇಲೆಯೇ ಗಟ್ಟಿಯಾಯಿತು.

ರಾಗ್ನಾರ್ ಅಷ್ಟರಲ್ಲಿ ಶೆಡ್ಡಿನಿಂದ ದಪ್ಪ ತಂತಿ ತಂದು ಒಲೆಯ ಹೊಟ್ಟೆಗೆ ಎರಡು ಸುತ್ತು ಬಿಗಿದು ಇಕ್ಕಳದಿಂದ ತಿರುಚಿದ. ಹೊಸದು ತಂದುಕೊಡುತ್ತೇನೆ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಗೆ ಸ್ವಲ್ಪ ಆಚೆ ಹೋಗುತ್ತದೆ, ಹೋಗಲಿ, ಎಂದ. ಬಿರುಕಿನಿಂದ ಗಾಳಿ ಎಳೆದು ಕೆಂಡ ಇನ್ನಷ್ಟು ಉರಿಯಿತು. ಅನ್ನ ಕುದಿದು ಬೆಂದಿತು.

ಪಾರ್ವತಿಯಮ್ಮನ ಎಡೆಗೆ ಬಡಿಸುವಾಗ ಈ ಸಲ ಅವಳು ಕೈ ಹಿಂದೆ ತೆಗೆಯಲಿಲ್ಲ. ಒಂದು ಸಲ ಬಡಿಸಿ, ಬೇಕೇನೋ ಎಂದು ಇನ್ನೊಂದು ಸಲವೂ ಬಡಿಸಿದಳು. ಹೊರಗೆ ಹಿಮದ ದಿಬ್ಬದ ಮೇಲಿಟ್ಟ ಪಿಂಡಕ್ಕೆ ಕಾಗೆ ಬರಲಿಲ್ಲ, ಆ ಊರಲ್ಲಿ ಸ್ಕಾತಾ ಎನ್ನುವ ಕಪ್ಪುಬಿಳುಪಿನ ಉದ್ದಬಾಲದ ಹಕ್ಕಿ ಬಂತು. ಅದು ಕಾಗೆಯ ದಾಯಾದಿಯೇ, ನಡೆಯುತ್ತದೆ ಎಂದು ಪುರೋಹಿತರು ಫೋನಿನಲ್ಲೇ ಅಪ್ಪಣೆ ಕೊಟ್ಟರು.

ಊಟಕ್ಕೆ ಕೂತಾಗ ಅನ್ನಕ್ಕೆ ಹೊಗೆಯ ವಾಸನೆ ಹಿಡಿದಿತ್ತು. ಊರಿನ ಹಿತ್ತಿಲ ಒಲೆಯ ಅನ್ನ ಹೀಗೆಯೇ ಇರುತ್ತಿತ್ತು ಎಂದು ಶಿವಪ್ರಸಾದ ಎರಡನೆಯ ಸಲ ಹಾಕಿಸಿಕೊಂಡ. ಎದುರಿಗೆ ಕೂತ ಮಗಳು ಅನಿಕಾಗೆ ಹೇಳಿದ: “ಇಂಥ ಅನ್ನ ಬಿಟ್ಟು ಅಜ್ಜಿ ಇಲ್ಲಿ ಮೂರು ತಿಂಗಳು ಬರೀ ಅವಲಕ್ಕಿ ತಿಂದು ಇದ್ದದ್ದು, ಗೊತ್ತುಂಟಾ ನಿಂಗೆ? ಅದು ನಿಷ್ಠೆ ಅಂದ್ರೆ.”

ಅನಿಕಾಗೆ ನಂಬಿಕೆ ಬರಲಿಲ್ಲ. ನಿಜವಾ ಅಮ್ಮ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು.

ಆ ಭಾಷೆಯಲ್ಲಿ ಉತ್ತರ ಕೊಟ್ಟರೆ ಕಷ್ಟವಿತ್ತು. ಶಕುಂತಲಾ ಕನ್ನಡದಲ್ಲಿ ಹೇಳಿದಳು: “ಹೌದು ಮಗಾ. ಅವಲಕ್ಕಿ ಬಿಟ್ರೆ ಬೇರೆ ಎಂತದೂ ಮುಟ್ಲಿಲ್ಲ. ನಿನ್ನ ಅಜ್ಜಿಯಷ್ಟು ಮಡಿ ನಮ್ಮ ಕೈಲಿ ಆಗುದಿಲ್ಲ.”

ಎಲ್ಲರ ಊಟವಾದ ಮೇಲೆ ಒಂದು ಬಟ್ಟಲಲ್ಲಿ ಅನ್ನ ಹುಳಿ ಹಾಕಿಕೊಂಡು ಬೇಲಿಯ ಸಂದಿನಿಂದ ನುಸುಳಿ ರಾಗ್ನಾರ್‌ಗೆ ಕೊಟ್ಟು ಬಂದಳು. ಬರುವಾಗ ತಪ್ಪಲೆ ಬೆಳಗಲು ಒಲೆಯಿಂದ ಒಂದು ಹಿಡಿ ಬೂದಿ ತಂದಳು.